ಮುದ್ರಾರಾಕ್ಷಸನಿಗೆ ಗಡಿಯಿಲ್ಲ

ಅಚ್ಚಾದ ಮಾತಿಗೆ ನಮ್ಮ ಜನ ಕೊಡುತ್ತ ಬಂದ ಗೌರವ ಸಾಮಾನ್ಯವಾದುದಲ್ಲ. ಬಾಯಿಮಾತನ್ನು ಹತ್ತು ಸಲ ಒರೆಗೆ ಹಚ್ಚುವ ಹಿರಿಯರೂ ‘ಪೇಪರಿನಲ್ಲಿ ಬಂದಿದೆ’ ಎಂದೊಡನೆ ಸುಮ್ಮನಾಗುತ್ತಾರೆ. ಆ ಪತ್ರಿಕೆ ಇಂಗ್ಲಿಷಿನದಾಗಿದ್ದು, ಅದೂ ಕಡಲಾಚೆಯಿಂದ ಬಂದುದಾಗಿದ್ದರೆ ಅದರ ಮಾತಿಗೆ ವೇದವಾಕ್ಯದ ಮನ್ನಣೆ. ಒಳ್ಳೆಯ ಇಂಗ್ಲಿಷ್ ಕಲಿಯಬೇಕಾದರೆ ವಿಲಾಯತಿಯ ಪತ್ರಿಕೆಯನ್ನು ಓದಬೇಕು, ಅದರಲ್ಲಿ ಒಂದು ಅಕ್ಷರವೂ ತಪ್ಪಿರುವುದಿಲ್ಲ ಎಂದು ಹೇಳಿಕೊಟ್ಟ ಗುರುಗಳ ಶಿಷ್ಯರು ನಾವು. ಈಗ ಕಾಸರಗೋಡಿನ ಮನೆಮನೆಯಿಂದ ಕೊಲ್ಲಿ ರಾಷ್ಟ್ರಗಳಿಗೆ, ಇಂಗ್ಲೆಂಡಿಗೆ, ಅಮೆರಿಕಕ್ಕೆ ಹೋಗಿ ನೆಲೆಸಿದ ತರುಣರು ರಜೆಯಲ್ಲಿ ಊರಿಗೆ ಬಂದಾಗ ಬೇರೆಯೇ ಮಾತನ್ನು ಹೇಳುತ್ತಾರೆ. ಅಲ್ಲಿಯ ಇಂಗ್ಲಿಷ್ ಪತ್ರಿಕೆಗಳಲ್ಲಿಯೂ ಕಾಗುಣಿತದ ತಪ್ಪು, ಹೆಸರಿನ ತಪ್ಪು, ಅರ್ಧಕ್ಕೆ ನಿಂತ ವಾಕ್ಯ, ಎರಡು ಸಲ ಅಚ್ಚಾದ ಪರಿಚ್ಛೇದ ಎಲ್ಲವೂ ಉಂಟಂತೆ.

ಇದನ್ನು ಕೇಳಿ ನಮ್ಮಲ್ಲಿ ಕೆಲವರಿಗೆ ಸಮಾಧಾನವಾಗುತ್ತದೆ. ‘ಅವರೇ ಹಾಗಿರುವಾಗ ನಮ್ಮದೇನು ಮಹಾ’ ಎಂಬ ಸಮಾಧಾನವದು. ಅದು ಅಪಾಯಕರವಾದುದೆಂದು ನಾವು ಭಾವಿಸುತ್ತೇವೆ. ದೊಡ್ಡ ಭಾಷೆಗೆ ತಪ್ಪನ್ನು ತಾಳಿಕೊಳ್ಳುವ ಶಕ್ತಿಯಿದೆ. ಗಡಿಯಂಚಿನಲ್ಲಿ ಉಸಿರು ಹಿಡಿದು ನಿಂತ ಭಾಷೆಗೆ ಆ ಶಕ್ತಿಯಿಲ್ಲ. ಈ ಭೇದವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಕಡಲಾಚೆಯ ಕೆಲವು ನಿದರ್ಶನಗಳು

ಅಚ್ಚಿನ ತಪ್ಪಿಗೆ ಕನ್ನಡದ ಮುದ್ರಕರು ಬಹು ಹಿಂದೆಯೇ ಒಂದು ಸೊಗಸಾದ ಹೆಸರಿಟ್ಟಿದ್ದಾರೆ: ಮುದ್ರಾರಾಕ್ಷಸ. ವಿಶಾಖದತ್ತನ ಸಂಸ್ಕೃತ ನಾಟಕದಲ್ಲಿ ‘ರಾಕ್ಷಸ’ನೆಂಬುವನು ಅಮಾತ್ಯ, ‘ಮುದ್ರೆ’ಯೆಂದರೆ ಅವನ ಉಂಗುರದ ಮುದ್ರೆ. ನಮ್ಮವರು ಆ ಹೆಸರನ್ನು ಎರವಲು ತಂದು ಅಚ್ಚುಕೂಟದಲ್ಲಿ ಅವಿತು ಕುಳಿತು ಅಕ್ಷರ ನುಂಗುವ ಭೂತಕ್ಕೆ ಅಂಟಿಸಿದರು. ಈ ರಾಕ್ಷಸನು ಯಾವ ದೇಶದ ಪ್ರಜೆಯೂ ಅಲ್ಲ. ಎಲ್ಲ ದೇಶಗಳಲ್ಲಿಯೂ ಅವನಿಗೆ ಪ್ರವೇಶವಿದೆ.

1631ರಲ್ಲಿ ಲಂಡನ್ನಿನಲ್ಲಿ ಅರಸನ ಮುದ್ರಕರೇ ಅಚ್ಚು ಮಾಡಿದ ಬೈಬಲಿನಲ್ಲಿ, ವ್ಯಭಿಚಾರ ಮಾಡಕೂಡದೆಂಬ ಆಜ್ಞೆಯೊಳಗಿನ ‘ಕೂಡದು’ ಎಂಬ ಅರ್ಥದ ಪದವೇ ಬಿಟ್ಟುಹೋಯಿತು. ಧರ್ಮಗ್ರಂಥವೇ ವ್ಯಭಿಚಾರವನ್ನು ವಿಧಿಸಿದಂತಾಯಿತು! ಮುದ್ರಕರು 300 ಪೌಂಡು ದಂಡ ತೆರಬೇಕಾಯಿತು. ಇಂದಿಗೂ ಅದಕ್ಕೆ ‘ದುಷ್ಟ ಬೈಬಲ್’ ಎಂಬ ಹೆಸರು ಉಳಿದಿದೆ.

1821ರಲ್ಲಿ ಮ್ಯಾಂಚೆಸ್ಟರಿನಲ್ಲಿ ಹುಟ್ಟಿದ ‘ಗಾರ್ಡಿಯನ್’ ಪತ್ರಿಕೆ ಇಂಗ್ಲೆಂಡಿನ ಗಣ್ಯ ಪತ್ರಿಕೆಗಳಲ್ಲಿ ಒಂದು. ಅದರಲ್ಲಿ ಅಕ್ಷರದೋಷಗಳು ಎಷ್ಟು ಪ್ರಸಿದ್ಧವಾಗಿದ್ದುವೆಂದರೆ, ‘ಪ್ರೈವೇಟ್ ಐ’ ಎಂಬ ವಿನೋದಪತ್ರಿಕೆ ಅದರ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ ‘ಗ್ರೌನಿಯಾಡ್’ ಎಂದು ಕರೆಯತೊಡಗಿತು. ಆ ಅಡ್ಡಹೆಸರು ಊರೆಲ್ಲ ಹಬ್ಬಿತು. ಆದರೆ ಮುಂದಿನ ಸಂಗತಿಯೇ ಗಮನಾರ್ಹವಾದುದು. 1997ರಲ್ಲಿ ಆ ಪತ್ರಿಕೆಯವರು ವಾಚಕರ ಪರವಾಗಿ ತಪ್ಪುಗಳನ್ನು ವಿಚಾರಿಸುವ ಪ್ರತ್ಯೇಕ ಸಂಪಾದಕರನ್ನು ನೇಮಿಸಿ, ‘ತಿದ್ದುಪಡಿ ಮತ್ತು ವಿವರಣೆ’ ಎಂಬ ಅಂಕಣವನ್ನು ಆರಂಭಿಸಿದರು. ಅಪಹಾಸ್ಯಕ್ಕೆ ಗುರಿಯಾದ ಪತ್ರಿಕೆಯು ತನ್ನ ತಪ್ಪುಗಳನ್ನು ತಾನೇ ಸಾರಿ ಹೇಳಿ ಗೌರವವನ್ನು ಗಳಿಸಿಕೊಂಡಿತು. ನಮ್ಮ ದೇಶದಲ್ಲಿ ‘ದಿ ಹಿಂದೂ’ ಪತ್ರಿಕೆ 2006ರಲ್ಲಿ ಇದೇ ಕ್ರಮವನ್ನು ಅನುಸರಿಸಿತು.

ಅಮೆರಿಕದ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ಕಥೆ ಇನ್ನೂ ಸ್ವಾರಸ್ಯವಾದುದು. 1898ರ ಫೆಬ್ರವರಿ 6ರ ಸಂಚಿಕೆಯ ಕ್ರಮಸಂಖ್ಯೆ 14,499. ಮರುದಿನ 14,500 ಎಂದು ಹಾಕಬೇಕಾದಲ್ಲಿ ಯಾರೋ 15,000 ಎಂದು ಹಾಕಿದರು. ಅಂದಿನಿಂದ ದಿನಕ್ಕೊಂದರಂತೆ ಕೂಡಿಸುತ್ತ ಹೋದ ನೂರು ವರ್ಷಗಳ ಸಂಚಿಕೆಗಳೆಲ್ಲವೂ 500ರ ಸುಳ್ಳನ್ನು ಹೊತ್ತು ನಡೆದುವು. ಪತ್ರಿಕೆಯ ಕಚೇರಿಯಲ್ಲಿದ್ದ ತರುಣ ಸಹಾಯಕನೊಬ್ಬನು ಕುತೂಹಲದಿಂದ ಲೆಕ್ಕಹಾಕಿ ಇದನ್ನು ಕಂಡುಹಿಡಿದನು. 2000ದ ಜನವರಿ 1ರಂದು ಸಂಖ್ಯೆಯನ್ನು ಸರಿಪಡಿಸಲಾಯಿತು. ಅಚ್ಚಾದುದನ್ನು ನಂಬಿ ಮುಂದೆ ಮುಂದೆ ಕೂಡಿಸುವವರೇ ಎಲ್ಲರೂ. ಹಿಂದಿರುಗಿ ನೋಡಿದವನು ಅವನೊಬ್ಬನೇ.

ಅದೇ ಪತ್ರಿಕೆ 1853ರಲ್ಲಿ, ಗುಲಾಮಗಿರಿಗೆ ಅಪಹರಿಸಲ್ಪಟ್ಟು ಹನ್ನೆರಡು ವರ್ಷಗಳ ಬಳಿಕ ಬಿಡುಗಡೆ ಹೊಂದಿದ ಸಾಲಮನ್ ನಾರ್ಥಪ್ ಎಂಬ ಕರಿಯ ಜನಾಂಗದ ವ್ಯಕ್ತಿಯ ಕುರಿತು ವರದಿಯನ್ನು ಪ್ರಕಟಿಸಿತ್ತು. ಆತನ ಹೆಸರು ಶೀರ್ಷಿಕೆಯಲ್ಲಿ ಒಂದು ಬಗೆಯಾಗಿಯೂ ವರದಿಯ ಒಡಲಿನಲ್ಲಿ ಮತ್ತೊಂದು ಬಗೆಯಾಗಿಯೂ ತಪ್ಪಾಗಿ ಅಚ್ಚಾಗಿತ್ತು. 2014ರಲ್ಲಿ ಆತನ ಜೀವನವನ್ನು ಆಧರಿಸಿದ ಚಲನಚಿತ್ರಕ್ಕೆ ಆಸ್ಕರ್ ಪ್ರಶಸ್ತಿ ಬಂದಾಗ ಈ ತಪ್ಪು ಬೆಳಕಿಗೆ ಬಂತು. 161 ವರ್ಷಗಳ ನಂತರ ಪತ್ರಿಕೆ ತಿದ್ದುಪಡಿಯನ್ನು ಪ್ರಕಟಿಸಿತು. ದಾಸ್ಯದಲ್ಲಿದ್ದಾಗ ಸ್ವಂತ ಹೆಸರನ್ನೇ ಕಳೆದುಕೊಂಡು ಬೇರೆ ಹೆಸರಿನಿಂದ ಕರೆಯಿಸಿಕೊಂಡಿದ್ದ ಮನುಷ್ಯನಿಗೆ, ತನ್ನ ಹೆಸರಿನ ಒಂದೊಂದು ಅಕ್ಷರವೂ ಎಷ್ಟು ಬೆಲೆಯುಳ್ಳದ್ದಾಗಿದ್ದಿರಬೇಕು!

ಆಸ್ಟ್ರೇಲಿಯ ದೇಶದ ಕೇಂದ್ರ ಬ್ಯಾಂಕು 2018ರಲ್ಲಿ ಹೊರತಂದ 50 ಡಾಲರಿನ ನೋಟಿನ ವಿಚಾರವನ್ನೂ ಇಲ್ಲಿ ಹೇಳಬೇಕು. ನೋಟಿನ ಮೇಲೆ ಅತಿ ಸೂಕ್ಷ್ಮ ಅಕ್ಷರಗಳಲ್ಲಿ ಅಚ್ಚಾದ ಭಾಷಣದ ತುಣುಕಿನಲ್ಲಿ ‘ರೆಸ್ಪಾನ್ಸಿಬಿಲಿಟಿ’ ಎಂಬ ಪದದ ಒಂದು ‘ಐ’ ಅಕ್ಷರ ಮಾಯವಾಗಿತ್ತು. ಅದು 2019ರ ಮೇ ತಿಂಗಳಲ್ಲಿ ಜನರ ಗಮನಕ್ಕೆ ಬರುವಷ್ಟರಲ್ಲಿ ಸುಮಾರು 4 ಕೋಟಿ 60 ಲಕ್ಷ ನೋಟುಗಳು ಚಲಾವಣೆಗೆ ಬಂದಿದ್ದುವು. ಹೊಣೆಗಾರಿಕೆ ಎಂಬ ಅರ್ಥದ ಶಬ್ದವೇ ಹೊಣೆಗೇಡಿತನಕ್ಕೆ ಸಾಕ್ಷಿಯಾದುದು ವಿಧಿಯ ವಿನೋದವೆನ್ನಬೇಕು.

ತಪ್ಪು ನುಸುಳುವ ದಾರಿ

ಇಷ್ಟೊಂದು ಸಾಧನಸಂಪತ್ತುಳ್ಳವರಲ್ಲಿ ಇಂತಹ ತಪ್ಪುಗಳು ಏಕೆ ಉಳಿಯುತ್ತವೆ? ಮೊಳೆಯಚ್ಚಿನ ಕಾಲದ ಕೆಲಸದ ಕ್ರಮವನ್ನು ಸ್ವಲ್ಪ ನೆನೆದರೆ ಇದಕ್ಕೆ ಉತ್ತರ ದೊರೆಯುತ್ತದೆ.

ಆ ಕಾಲದಲ್ಲಿ ಬರೆದವನ ಹಸ್ತಪ್ರತಿ ಮೊದಲು ಉಪಸಂಪಾದಕನ ಕೈಗೆ ಹೋಗುತ್ತಿತ್ತು. ಅವನು ತಿದ್ದಿದ ಪ್ರತಿಯನ್ನು ನೋಡಿ ಮೊಳೆ ಜೋಡಿಸುವವನು ಗೂಡುಗೂಡಿನಿಂದ ಒಂದೊಂದೇ ಸೀಸದ ಅಕ್ಷರವನ್ನು ಆರಿಸಿ, ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಕಾಣುವ ಸಾಲುಗಳನ್ನು ಕಟ್ಟುತ್ತಿದ್ದನು. ಅದರ ಮೇಲೆ ಮಸಿ ಸವರಿ ಕರಡಚ್ಚು ತೆಗೆಯುತ್ತಿದ್ದರು. ಕರಡು ತಿದ್ದುವವನ ಪಕ್ಕದಲ್ಲಿ ಇನ್ನೊಬ್ಬನು ಕುಳಿತು ಮೂಲಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದನು. ಮೊದಲನೆಯವನು ಕಿವಿಯಿಂದ ಕೇಳುತ್ತ ಕಣ್ಣಿನಿಂದ ಕರಡನ್ನು ನೋಡುತ್ತಿದ್ದನು. ಮತ್ತೆ ಎರಡನೆಯ ಕರಡು, ಆಮೇಲೆ ಪುಟದ ಕರಡು. ಹೀಗೆ ಒಂದು ಸಾಲು ಓದುಗನನ್ನು ತಲುಪುವ ಮೊದಲು ನಾಲ್ಕೈದು ಜೊತೆ ಕಣ್ಣುಗಳನ್ನು ದಾಟಬೇಕಾಗಿತ್ತು.

ಗಟ್ಟಿಯಾಗಿ ಓದುವ ಪದ್ಧತಿ ವ್ಯರ್ಥ ಸಂಪ್ರದಾಯವಾಗಿರಲಿಲ್ಲ. ನಮ್ಮ ಕಣ್ಣು ಓದುವಾಗ ಅಕ್ಷರ ಅಕ್ಷರವನ್ನು ನೋಡುವುದಿಲ್ಲ. ಪರಿಚಿತ ಪದವನ್ನು ಕಂಡೊಡನೆ ಗುರುತಿಸಿ, ತಪ್ಪಿಹೋದುದನ್ನು ಮನಸ್ಸಿನಿಂದ ತುಂಬಿಕೊಳ್ಳುತ್ತದೆ. ಬರೆದವನಿಗಂತೂ ತಾನು ಬರೆಯಬೇಕೆಂದಿದ್ದುದೇ ಕಾಣುತ್ತದೆ, ಬರೆದುದು ಕಾಣುವುದಿಲ್ಲ. ಆದುದರಿಂದಲೇ ತನ್ನ ಬರೆಹದ ಕರಡನ್ನು ತಾನೊಬ್ಬನೇ ತಿದ್ದಬಾರದೆಂಬ ನಿಯಮ ಹುಟ್ಟಿತು.

ಗಣಕಯಂತ್ರ ಬಂದ ಮೇಲೆ ವರದಿಗಾರನು ಒತ್ತಿದ ಅಕ್ಷರವೇ ನೇರವಾಗಿ ಪುಟಕ್ಕೆ ಹೋಗುವಂತಾಯಿತು. ನಡುವಿನ ಕಣ್ಣುಗಳು ಒಂದೊಂದಾಗಿ ಮುಚ್ಚಿದುವು. 2017ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಸಂಸ್ಥೆಯೇ ತನ್ನ ಪ್ರತ್ಯೇಕವಾದ ಪ್ರತಿತಿದ್ದುವ ವಿಭಾಗವನ್ನು ರದ್ದುಪಡಿಸಿತು. ಪತ್ರಿಕೆಯ ನೌಕರರು ಫಲಕಗಳನ್ನು ಹಿಡಿದು ಕಚೇರಿಯಿಂದ ಹೊರಬಂದು ಪ್ರತಿಭಟಿಸಿದರು. ಸಂಸ್ಥೆಗೆ ಅವರ ಸಂಬಳ ಲೆಕ್ಕಕ್ಕೆ ಸಿಕ್ಕಿತು; ಅವರು ತಡೆದಿದ್ದ ತಪ್ಪುಗಳು ಲೆಕ್ಕಕ್ಕೆ ಸಿಗುವಂಥವಲ್ಲ. ಅಚ್ಚಾಗದೆ ಹೋದ ತಪ್ಪನ್ನು ಯಾರು ತಾನೇ ಎಣಿಸಬಲ್ಲರು?

ಕಾಗುಣಿತ ಪರೀಕ್ಷಿಸುವ ಯಂತ್ರವಿದೆಯಲ್ಲ ಎಂದು ಕೇಳಬಹುದು. ನಿಘಂಟಿನಲ್ಲಿ ಇಲ್ಲದ ರೂಪವನ್ನು ಆ ಯಂತ್ರ ಹಿಡಿದೀತು. ನಿಘಂಟಿನಲ್ಲಿ ಇರುವ ಆದರೆ ಆ ಜಾಗದಲ್ಲಿ ಇರಬಾರದ ಶಬ್ದವನ್ನು ಅದು ಹಲವು ಬಾರಿ ಸುಮ್ಮನೆ ಬಿಟ್ಟುಬಿಡುತ್ತದೆ. ಕನ್ನಡದಲ್ಲಿ ಇಂತಹ ಜೋಡಿಗಳು ಎಷ್ಟಿಲ್ಲ!

ನಮ್ಮ ಅಂಗಳದ ಕಸ

‘ಗೃಹ’ವೆಂದರೆ ಮನೆ, ‘ಗ್ರಹ’ವೆಂದರೆ ಶನಿ, ಕುಜ ಮೊದಲಾದವು. ‘ಗ್ರಹಪ್ರವೇಶಕ್ಕೆ ದಯಮಾಡಿಸಬೇಕು’ ಎಂಬ ಆಮಂತ್ರಣಪತ್ರಿಕೆಗಳು ವರ್ಷಕ್ಕೆ ನಾಲ್ಕಾದರೂ ನಮ್ಮ ಕೈಸೇರುತ್ತವೆ. ಹೊಸಮನೆಗೆ ಯಾವ ಗ್ರಹವು ಪ್ರವೇಶಿಸಲಿದೆಯೋ ಎಂದು ಕಳವಳವಾಗುತ್ತದೆ. ‘ಪ್ರದಾನ’ವೆಂದರೆ ಕೊಡುವುದು, ‘ಪ್ರಧಾನ’ವೆಂದರೆ ಮುಖ್ಯವಾದುದು, ‘ಪ್ರಶಸ್ತಿ ಪ್ರಧಾನ ಸಮಾರಂಭ’ ಎಂಬ ಶೀರ್ಷಿಕೆ ಪತ್ರಿಕೆಗಳಲ್ಲಿ ಆಗಾಗ ಕಾಣುತ್ತದೆ. ‘ಮಧ್ಯ’ ಎಂಬಲ್ಲಿ ಮಹಾಪ್ರಾಣ ಜಾರಿದರೆ ‘ಮದ್ಯ’ವಾಗಿ ಹೆಂಡದ ವಾಸನೆ ಬರುತ್ತದೆ. ‘ಧನ’ವು ‘ದನ’ವಾದರೆ ಸಂಪತ್ತಿಗೆ ಕೊಂಬು ಮೂಡುತ್ತದೆ. ಎಲ್ಲಕ್ಕಿಂತ ದಾರುಣವಾದುದು ಸಭೆಗಳ ವರದಿಯಲ್ಲಿ ‘ಕೃತಜ್ಞತೆ’ಯ ಬದಲು ‘ಕೃತಘ್ನತೆ’ ಎಂದು ಅಚ್ಚಾಗುವುದು. ಉಪಕಾರಸ್ಮರಣೆ ಉಪಕಾರದ್ರೋಹವಾಗಲು ಒಂದೇ ಒಂದು ಒತ್ತಕ್ಷರ ಸಾಕು.

ಇವು ಅರ್ಥ ಕೆಡಿಸುವ ತಪ್ಪುಗಳು. ಅರ್ಥ ಕೆಡಿಸದೆ ರೂಪ ಕೆಡಿಸುವವು ಬೇರೆ ಇವೆ. ‘ವಿದ್ಯಾರ್ಥಿ’ ಎಂಬುದು ‘ವಿಧ್ಯಾರ್ಥಿ’ಯಾಗುತ್ತದೆ, ‘ಉದ್ಘಾಟನೆ’ ಎಂಬುದು ‘ಉಧ್ಘಾಟನೆ’ಯಾಗುತ್ತದೆ, ‘ಹಾರ್ದಿಕ’ ಎಂಬುದು ‘ಹಾರ್ಧಿಕ’ವಾಗುತ್ತದೆ. ‘ಶ್ರದ್ಧಾಂಜಲಿ’ಯು ‘ಶೃದ್ಧಾಂಜಲಿ’ಯೆಂದೂ ‘ಚಿಹ್ನೆ’ಯು ‘ಚಿನ್ಹೆ’ಯೆಂದೂ ‘ಜಾತ್ಯತೀತ’ವು ‘ಜಾತ್ಯಾತೀತ’ವೆಂದೂ ಮೆರೆಯುತ್ತವೆ. ‘ಆಶೀರ್ವಾದ’ದ ಅರ್ಕಾವೊತ್ತು ಒಂದು ಮನೆ ಹಿಂದೆ ಸರಿದು ‘ಆರ್ಶೀವಾದ’ವಾಗುವುದಂತೂ ನಿತ್ಯದ ನೋಟ. ಹಳೆಯ ಗಣಕಲಿಪಿಗಳಲ್ಲಿ ಅರ್ಕಾವೊತ್ತನ್ನು ಅಕ್ಷರದ ಅನಂತರ ಒತ್ತುತ್ತಿದ್ದರು. ಯೂನಿಕೋಡ್ ಕ್ರಮದಲ್ಲಿ ರೇಫವು ಮೊದಲು ಬರಬೇಕು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗಲೂ ಅದು ಸ್ಥಾನ ತಪ್ಪುವುದುಂಟು. ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರಗಳನ್ನು ಒತ್ತಿ ಕನ್ನಡ ಮೂಡಿಸುವವರಿಗೆ ಅಲ್ಪಪ್ರಾಣ ಮಹಾಪ್ರಾಣಗಳ ಭೇದವೇ ಬೆರಳಿನಿಂದ ಜಾರಿಹೋಗುತ್ತಿದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಭೇದವೆಲ್ಲವೂ ದೋಷವಲ್ಲ. ಅಮೆರಿಕದವರು ನೋವಾ ವೆಬ್‌ಸ್ಟರನ 1828ರ ನಿಘಂಟನ್ನು ಅನುಸರಿಸಿ ‘ಕಲರ್’ ಎಂಬ ಪದದಲ್ಲಿ ‘ಯು’ ಅಕ್ಷರವನ್ನು ಬಿಡುತ್ತಾರೆ. ಅದು ಅವರ ಪದ್ಧತಿ, ತಪ್ಪಲ್ಲ. ಅಂತೆಯೇ ಹವ್ಯಕರ ಮನೆಮಾತು, ಕುಂದಾಪುರದ ನುಡಿ, ಧಾರವಾಡದ ನುಡಿ ಇವುಗಳನ್ನು ತಪ್ಪೆನ್ನುವುದು ಅಜ್ಞಾನ. ಕೃಷಿಕ ತಂದೆಯೊಬ್ಬರು ದೂರದ ಮಗನಿಗೆ ಬರೆದ ಓಲೆಯಲ್ಲಿ ನಾಲ್ಕು ಅಕ್ಷರ ತಪ್ಪಿದರೆ ಅದನ್ನು ಎತ್ತಿ ಆಡುವವನು ಸುಶಿಕ್ಷಿತನಲ್ಲ. ನಾವು ಹೇಳುತ್ತಿರುವುದು ಅಚ್ಚಿನ ಮಾತನ್ನು ಕುರಿತು. ಸಾವಿರ ಪ್ರತಿ ಅಚ್ಚಾಗುವ ಬರೆಹ ಸಾರ್ವಜನಿಕ ಕಾರ್ಯ. ಸಾರ್ವಜನಿಕ ಬಾವಿಗೆ ಇರುವ ಶುಚಿಯ ನಿಯಮವೇ ಅದಕ್ಕೂ ಸಲ್ಲುತ್ತದೆ.

ಗಡಿನಾಡಿನ ಮಗುವಿನ ಪಾಡು

ಮೈಸೂರಿನಲ್ಲಿಯೋ ಶಿವಮೊಗ್ಗದಲ್ಲಿಯೋ ಇರುವ ಮಗು ಪತ್ರಿಕೆಯಲ್ಲಿ ಒಂದು ತಪ್ಪು ರೂಪವನ್ನು ಕಂಡರೆ, ಅದೇ ಪದದ ಸರಿಯಾದ ರೂಪವನ್ನು ದಿನಕ್ಕೆ ಹತ್ತು ಕಡೆ ಕಾಣುತ್ತದೆ. ಬಸ್ಸಿನ ಹಲಗೆ, ಅಂಗಡಿಯ ಫಲಕ, ಕಚೇರಿಯ ಪ್ರಕಟಣೆ, ನೆರೆಮನೆಯ ಪುಸ್ತಕ ಎಲ್ಲವೂ ಕೂಡಿ ತಪ್ಪನ್ನು ತೊಳೆದುಬಿಡುತ್ತವೆ.

ನಮ್ಮ ಮಕ್ಕಳ ಪಾಡು ಬೇರೆ. ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಹೆಮ್ಮೆಯಿಂದ ಕರೆಯುತ್ತೇವೆ. ಮನೆಯಲ್ಲಿ ತುಳು, ಹವ್ಯಕ ಕನ್ನಡ, ಕೊಂಕಣಿ, ಮರಾಠಿ ಅಥವಾ ಬ್ಯಾರಿ; ಪೇಟೆಯಲ್ಲಿ ಮಲಯಾಳ; ಶಾಲೆಯಲ್ಲಿ ಕನ್ನಡ; ಉದ್ಯೋಗದ ಕನಸಿನಲ್ಲಿ ಇಂಗ್ಲಿಷ್. ಗ್ರಾಂಥಿಕ ಕನ್ನಡವು ಇಲ್ಲಿ ಬಹುಪಾಲು ಮಕ್ಕಳಿಗೆ ಮನೆಯ ಮಾತಲ್ಲ. ಅದು ಓದಿನಿಂದ ಬರುವ ಮಾತು. ತುಳುವಿನ ಆಡುನುಡಿಯಲ್ಲಿ ಮಹಾಪ್ರಾಣಕ್ಕೆ ಎಡೆ ಕಡಿಮೆ. ‘ಧ’ ಎಲ್ಲಿ, ‘ದ’ ಎಲ್ಲಿ ಎಂಬುದನ್ನು ಮಗು ಕಿವಿಯಿಂದ ಕಲಿಯುವ ಹಾಗಿಲ್ಲ, ಕಣ್ಣಿನಿಂದಲೇ ಕಲಿಯಬೇಕು. ಆ ಕಣ್ಣಿಗೆ ಬೀಳುವ ಕನ್ನಡವೋ ಪಠ್ಯಪುಸ್ತಕ, ಒಂದು ದಿನಪತ್ರಿಕೆ, ಜಾತ್ರೆಯ ಆಮಂತ್ರಣ ಮತ್ತು ಕೆಲವು ಫಲಕಗಳು. ಇರುವುದೇ ಇಷ್ಟಾದಾಗ ಅದರಲ್ಲಿ ಒಂದು ಕೆಟ್ಟರೂ ದೊಡ್ಡ ಪಾಲು ಕೆಟ್ಟಂತೆ.

ತರಗತಿಯಲ್ಲಿ ‘ಉದ್ಘಾಟನೆ’ ಎಂದು ತಿದ್ದಿಬರೆಸಿದಾಗ ಹುಡುಗಿಯೊಬ್ಬಳು ಎದ್ದುನಿಂತು, ‘ಸಾರ್, ಪೇಪರಿನಲ್ಲಿ ಹೀಗಲ್ಲ ಇರುವುದು’ ಎಂದು ಹೇಳಿದ ಪ್ರಸಂಗ ನಮ್ಮ ನೆನಪಿನಲ್ಲಿದೆ. ಅವಳು ಉದ್ಧಟಳಾಗಿರಲಿಲ್ಲ, ನಿಜಕ್ಕೂ ಪತ್ರಿಕೆ ಓದುವ ಮಗು. ಓದುವ ಮಗುವೇ ತಪ್ಪು ಕಲಿಯುತ್ತದೆ, ಓದದ ಮಗು ಬಚಾವಾಗುತ್ತದೆ ಎಂಬ ಸ್ಥಿತಿ ಬಂದರೆ, ಪತ್ರಿಕೆ ಓದಿರೆಂದು ಯಾವ ಬಾಯಿಯಿಂದ ಉಪದೇಶಿಸೋಣ?

ಹೆಸರು ಕೆಟ್ಟರೆ

ಕಾಗುಣಿತದ ತಪ್ಪು ಶಬ್ದಕ್ಕೆ ತಗಲಿದರೆ ತಿದ್ದಬಹುದು. ಹೆಸರಿಗೆ ತಗಲಿದರೆ ಅದು ಕಾಲಕ್ರಮದಲ್ಲಿ ಹೆಸರೇ ಆಗಿಬಿಡುತ್ತದೆ. ನಮ್ಮ ಕುಂಬಳೆಯನ್ನೇ ನೋಡಿ. ರೈಲುನಿಲ್ದಾಣದ ಇಂಗ್ಲಿಷ್ ಫಲಕದಲ್ಲಿ ಅದು ‘ಕುಂಬ್ಲ’. ಆ ಊರಿನ ಹೆಸರನ್ನು ಹೊತ್ತ ಅನಿಲ್ ಕುಂಬ್ಳೆಯವರು 1999ರ ಫೆಬ್ರವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ಹುದ್ದರಿಗಳನ್ನು ಒಂದೇ ಸರದಿಯಲ್ಲಿ ಉರುಳಿಸಿದಾಗ ಜಗತ್ತಿನ ಪತ್ರಿಕೆಗಳೆಲ್ಲ ಅಚ್ಚು ಮಾಡಿದ ಅಕ್ಷರಗಳು ಬೇರೆ. ಒಂದೇ ಊರು; ಕ್ರೀಡಾಪುಟದಲ್ಲಿ ಒಂದು, ರೈಲಿನ ಫಲಕದಲ್ಲಿ ಇನ್ನೊಂದು. ಆಟಗಾರನ ಹೆಸರಿನಿಂದ ಊರನ್ನು ಹುಡುಕುತ್ತ ಹೊರಟವನಿಗೆ ನಕ್ಷೆ ಸುಲಭವಾಗಿ ನೆರವಾಗದು.

ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳ ಸರಕಾರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಹದಿಮೂರು ನ್ಯಾಯಮೂರ್ತಿಗಳ ಪೀಠವು 1973ರ ಏಪ್ರಿಲ್ 24ರಂದು ತೀರ್ಪಿತ್ತಿತು. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸಲಾರದೆಂಬ ಆ ತೀರ್ಪು ಲೋಕಪ್ರಸಿದ್ಧ. ಆ ಮೊಕದ್ದಮೆಯ ಇಂಗ್ಲಿಷ್ ಶೀರ್ಷಿಕೆಯಲ್ಲಿ ‘ಶ್ರೀಪಾದಂಗಳವರು’ ಎಂಬ ನಮ್ಮ ಗೌರವವಾಚಕವು ಅನುಸ್ವಾರ, ಸ್ವರಗಳನ್ನು ಕಳೆದುಕೊಂಡು ‘ಶ್ರೀಪಾದಗಲ್ವರು’ ಎಂದು ಓದುವಂತೆ ನಿಂತಿದೆ. ದೇಶವಿದೇಶಗಳ ಕಾನೂನು ವಿದ್ಯಾರ್ಥಿಗಳು ಅದನ್ನು ಹಾಗೆಯೇ ಬಾಯಿಪಾಠ ಮಾಡುತ್ತಾರೆ. ಅದು ಕುಲನಾಮವಲ್ಲ, ಪೂಜ್ಯಭಾವದ ಕನ್ನಡ ಪದವೆಂಬುದು ಅವರಲ್ಲಿ ಎಷ್ಟು ಮಂದಿಗೆ ಹೊಳೆದೀತು?

ಹೊರಗಿನವರನ್ನೇ ದೂರುವುದು ನ್ಯಾಯವಲ್ಲ. ನಮ್ಮ ಹಿರಿಯ ಕವಿ, ಅಧ್ಯಾಪಕ, ಕಾಸರಗೋಡಿನ ಕನ್ನಡದ ಹೋರಾಟದ ಮುಂದಾಳು ಕಯ್ಯಾರ ಕಿಞ್ಞಣ್ಣ ರೈಗಳು 1915ರಿಂದ 2015ರ ವರೆಗೆ ಶತಾಯುಷಿಗಳಾಗಿ ಬಾಳಿದರು. ‘ಞ’ ಎಂಬ ಅಕ್ಷರಕ್ಕೆ ಕನ್ನಡದಲ್ಲಿ ಬಳಕೆಯೇ ಇಲ್ಲವೆಂದು ಹೇಳುವವರಿಗೆ ಅವರ ಹೆಸರೇ ಉತ್ತರವಾಗಿತ್ತು. ಆದರೆ ಕನ್ನಡ ಪತ್ರಿಕೆಗಳಲ್ಲಿಯೇ ಅದು ‘ಕಿಂಞಣ್ಣ’, ‘ಕಿಞಣ್ಣ’, ಕೊನೆಗೆ ಇಂಗ್ಲಿಷಿನಿಂದ ತಿರುಗಿ ಬಂದ ‘ಕಿನ್ಹಣ್ಣ’ ಎಂದೆಲ್ಲ ಕಾಣಿಸಿಕೊಂಡದ್ದುಂಟು. ಕನ್ನಡಕ್ಕಾಗಿ ಬಾಳು ಸವೆಸಿದವರ ಹೆಸರನ್ನು ಕನ್ನಡದಲ್ಲಿ ಸರಿಯಾಗಿ ಬರೆಯುವುದು ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

2021ರ ಜೂನ್ ತಿಂಗಳಲ್ಲಿ ನಮ್ಮ ಜಿಲ್ಲೆಯ ಕೆಲವು ಊರುಗಳ ಹೆಸರುಗಳು ಬದಲಾಗುತ್ತಿವೆಯೆಂಬ ಸುದ್ದಿ ಹಬ್ಬಿದುದು ವಾಚಕರಿಗೆ ನೆನಪಿರಬಹುದು. ಮಧೂರು ‘ಮಧುರಂ’ ಆಗುತ್ತದೆ, ಮಲ್ಲ ‘ಮಲ್ಲಂ’ ಆಗುತ್ತದೆ, ನೆಲ್ಲಿಕುಂಜ ‘ನೆಲ್ಲಿಕುನ್ನ್’ ಆಗುತ್ತದೆ ಎಂದು ವರದಿಗಳು ಬಂದುವು. ಕರ್ನಾಟಕದ ಮಾಜಿ ಮುಖ್ಯಮಂತ್ರಿ ಎಚ್. ಡಿ. ಕುಮಾರಸ್ವಾಮಿಯವರು ಮೊದಲಾದವರು ದನಿಯೆತ್ತಿದರು. ಅಂತಹ ಯಾವ ನಿರ್ಧಾರವನ್ನೂ ಕೈಗೊಂಡಿಲ್ಲವೆಂದು ಕೇರಳದ ಕಡೆಯಿಂದ ಸ್ಪಷ್ಟನೆ ಬಂತು. ಗಲಾಟೆ ಅಡಗಿತು. ಆದರೆ ಒಂದು ಪ್ರಶ್ನೆ ಉಳಿಯುತ್ತದೆ. ಊರಿನ ಹೆಸರು ಬದಲಾಗಲು ಆಜ್ಞೆಯೇ ಬೇಕೇ? ಕನ್ನಡ ಬಾರದ ಫಲಕಗಾರನ ಕುಂಚ, ಅವಸರದ ವರದಿಗಾರನ ಬೆರಳು, ನಮ್ಮ ಆಲಸ್ಯ ಈ ಮೂರು ಕೂಡಿದರೆ ಆಜ್ಞೆಯ ಅಗತ್ಯವೇ ಬೀಳುವುದಿಲ್ಲ. ಕನ್ನಡ ಪತ್ರಿಕೆಯೇ ‘ಮಂಜೇಶ್ವರಂ’, ‘ನೀಲೇಶ್ವರಂ’ ಎಂದು ಅಚ್ಚುಮಾಡಿದರೆ ನಾವು ಯಾರ ಮೇಲೆ ದೂರು ಕೊಡೋಣ?

ಹೆಸರಿನಲ್ಲಿ ಇತಿಹಾಸವಿರುತ್ತದೆ. ಹೊಸದುರ್ಗವೆಂಬುದು ಕೆಳದಿಯ ನಾಯಕರು ಕಟ್ಟಿಸಿದ ಹೊಸ ಕೋಟೆಯ ನೆನಪು. ಕಲ್ಲಿನ ಕೋಟೆ ಜೀರ್ಣವಾದರೂ ಆ ನಾಲ್ಕಕ್ಷರದ ಕೋಟೆ ತಾಲೂಕಿನ ಹೆಸರಾಗಿ ಇನ್ನೂ ನಿಂತಿದೆ. ಮಲಯಾಳ ನುಡಿಯವರು ತಮ್ಮ ನುಡಿಯಲ್ಲಿ ತಮ್ಮ ರೂಢಿಯಂತೆ ಕರೆಯಲಿ. ಅದು ಅವರ ಹಕ್ಕು. ಕನ್ನಡದಲ್ಲಿ ಬರೆಯುವಾಗ ಕನ್ನಡದ ರೂಪವನ್ನು ಉಳಿಸಿಕೊಳ್ಳುವುದು ನಮ್ಮ ಹೊಣೆ.

ವ್ಯಕ್ತಿನಾಮದ ಸಂಕಟ ಇನ್ನೂ ಪ್ರತ್ಯಕ್ಷವಾದುದು. ಕನ್ನಡದ ಹೆಸರು ಮಲಯಾಳ ಲಿಪಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ದಾಟುವಷ್ಟರಲ್ಲಿ ರೂಪಾಂತರ ಹೊಂದಿರುತ್ತದೆ. ಪಡಿತರ ಚೀಟಿಯಲ್ಲಿ ಒಂದು, ಆಧಾರದಲ್ಲಿ ಒಂದು, ಹತ್ತನೆಯ ತರಗತಿಯ ಅರ್ಹತಾಪತ್ರದಲ್ಲಿ ಮತ್ತೊಂದು. ಪರದೇಶದ ಉದ್ಯೋಗಕ್ಕೆ ಹೊರಟ ದಿನ, ತಂದೆಯ ಹೆಸರಿನ ಒಂದು ಅಕ್ಷರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದು ಕಣ್ಣೀರು ಹಾಕಿದ ಶಿಷ್ಯರನ್ನು ನಾವು ಕಂಡಿದ್ದೇವೆ. ಸಾಲಮನ್ ನಾರ್ಥಪನಂತೆ 161 ವರ್ಷ ಕಾಯುವ ಅವಕಾಶ ಅವರಿಗಿರಲಿಲ್ಲ.

ಮಾಡಬಹುದಾದ ಕೆಲಸ

ಹಲುಬುವುದರಿಂದ ಫಲವಿಲ್ಲ. ಮನೆ, ಶಾಲೆ, ಊರು ಈ ಮೂರು ಕಡೆಗಳಲ್ಲಿ ಇಂದೇ ಮಾಡಬಹುದಾದ ಕೆಲಸಗಳಿವೆ.

ಮೊದಲನೆಯದಾಗಿ, ಮಗುವನ್ನು ಶಾಲೆಗೆ ಸೇರಿಸುವ ಮೊದಲೇ ಅದರ ಹೆಸರನ್ನೂ ತಾಯಿತಂದೆಯರ ಹೆಸರನ್ನೂ ಮನೆಯ ಹೆಸರನ್ನೂ ಕನ್ನಡ, ಮಲಯಾಳ, ಇಂಗ್ಲಿಷ್ ಮೂರು ಲಿಪಿಗಳಲ್ಲಿ ಹೇಗೆ ಬರೆಯಬೇಕೆಂದು ಮನೆಯವರು ನಿರ್ಧರಿಸಿ ಒಂದು ಕಾಗದದಲ್ಲಿ ಬರೆದಿಡಬೇಕು. ಎಲ್ಲ ಅರ್ಜಿಗಳಿಗೂ ಆ ಕಾಗದವೇ ಪ್ರಮಾಣವಾಗಲಿ. ಅಕ್ಷರ ಬಲ್ಲ ಅಜ್ಜನೋ ಅಜ್ಜಿಯೋ ಮನೆಯಲ್ಲಿದ್ದರೆ ಕನ್ನಡದ ರೂಪವನ್ನು ಅವರಿಂದ ಬರೆಸುವುದು ಉತ್ತಮ.

ಎರಡನೆಯದಾಗಿ, ಮದುವೆ, ಗೃಹಪ್ರವೇಶ, ಬ್ರಹ್ಮಕಲಶೋತ್ಸವಗಳ ಆಮಂತ್ರಣವಾಗಲಿ, ವಾಚನಾಲಯದ ಸ್ಮರಣಸಂಚಿಕೆಯಾಗಲಿ, ಅಚ್ಚಿಗೆ ಹೋಗುವ ಮುನ್ನ ಇಬ್ಬರು ಕುಳಿತು ನೋಡಬೇಕು. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕರಡನ್ನು ನೋಡಬೇಕು. ಮೊಳೆಯಚ್ಚಿನ ಕಾಲದ ಈ ಪದ್ಧತಿಗೆ ಖರ್ಚಿಲ್ಲ. ಅರ್ಧ ಗಂಟೆ ಸಾಕು.

ಮೂರನೆಯದಾಗಿ, ಅಧ್ಯಾಪಕರು ತರಗತಿಗೆ ದಿನಪತ್ರಿಕೆಯನ್ನು ತಂದು, ವಾರಕ್ಕೊಮ್ಮೆ ಮಕ್ಕಳ ಕೈಗೆ ಸೀಸದ ಕಡ್ಡಿ ಕೊಟ್ಟು ಒಂದು ಪುಟವನ್ನು ತಿದ್ದಿಸಲಿ. ಪತ್ರಿಕೆಯನ್ನು ಹೀಯಾಳಿಸಲೆಂದಲ್ಲ, ಅಚ್ಚಾದುದನ್ನೂ ಪರಿಶೀಲಿಸಬಹುದೆಂಬ ಧೈರ್ಯ ಹುಟ್ಟಲೆಂದು. ಸಂಶಯ ಬಂದರೆ ನಿಘಂಟನ್ನು ತೆರೆಯುವ ಅಭ್ಯಾಸವಾಗಲಿ. ಬಾಸೆಲ್ ಮಿಶನ್ನಿನ ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದುದು ನೆರೆಯ ಮಂಗಳೂರಿನಲ್ಲಿ. ಕನ್ನಡದ ಮೊದಲ ವೃತ್ತಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರ ಜುಲೈ 1ರಂದು ಮೋಗ್ಲಿಂಗರು ಕಲ್ಲಚ್ಚಿನಲ್ಲಿ ಹೊರತಂದುದೂ ಅಲ್ಲಿಯೇ. ಪರದೇಶದಿಂದ ಬಂದವರು ಅಷ್ಟು ಶ್ರದ್ಧೆಯಿಂದ ಕಲಿತು ಅಚ್ಚುಮಾಡಿದ ಅಕ್ಷರಗಳನ್ನು, ಅವುಗಳ ನಡುವೆಯೇ ಹುಟ್ಟಿದ ನಾವು ಅಸಡ್ಡೆಯಿಂದ ಕಾಣುವುದು ಸರಿಯೇ?

ನಾಲ್ಕನೆಯದಾಗಿ, ತಪ್ಪು ಕಂಡಾಗ ಸಂಪಾದಕರಿಗೆ ವಿನಯದಿಂದ ಬರೆಯಬೇಕು. ತಪ್ಪನ್ನು ತಡಮಾಡದೆ, ಕಣ್ಣಿಗೆ ಬೀಳುವಂತೆ ತಿದ್ದಿ ಪ್ರಕಟಿಸಬೇಕೆಂದು ಭಾರತೀಯ ಪತ್ರಿಕಾ ಮಂಡಳಿಯ ಆಚಾರಸಂಹಿತೆಯೂ ಹೇಳುತ್ತದೆ. ಪತ್ರಿಕೆಗಳವರು ಪುಟದ ಮೂಲೆಯಲ್ಲಿ ಅಂಗೈಯಗಲ ಜಾಗವನ್ನು ತಿದ್ದುಪಡಿಗೆ ಮೀಸಲಿಟ್ಟರೆ ಅವರ ಗೌರವ ಕುಂದದು. ‘ಗಾರ್ಡಿಯನ್’ ಪತ್ರಿಕೆಗೆ ಕುಂದಲಿಲ್ಲ.

ಕೊನೆಯದಾಗಿ ಹಕ್ಕಿನ ಮಾತು. 1969ರ ಕೇರಳ ರಾಜಭಾಷಾ ಶಾಸನವು ಇಲ್ಲಿಯ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ಸರಕಾರದೊಡನೆ ಪತ್ರವ್ಯವಹಾರ ಮಾಡುವ, ಅದೇ ಭಾಷೆಯಲ್ಲಿ ಉತ್ತರ ಪಡೆಯುವ ಅವಕಾಶವನ್ನು ಮಾನ್ಯಮಾಡಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಏರ್ಪಾಡು ಇರಬೇಕೆಂದು ಸಂವಿಧಾನದ 350 ಎ ವಿಧಿ ಹೇಳುತ್ತದೆ. ಈ ಹಕ್ಕುಗಳಿಗಾಗಿ ನಮ್ಮ ಹಿರಿಯರು 1956ರಿಂದ ಬೀದಿಯಲ್ಲಿ ನಿಂತು ಕೂಗಿದ್ದಾರೆ. ಆದರೆ ಹಕ್ಕಿನ ಅರ್ಜಿಯಲ್ಲಿಯೇ ಅಕ್ಷರ ತಪ್ಪಿದ್ದರೆ, ಅದನ್ನು ಓದುವ ಅಧಿಕಾರಿಗೆ ‘ಇವರಿಗೇ ಬೇಡವಾದ ಭಾಷೆ’ ಎಂದು ತೋರಿದರೆ ಆಶ್ಚರ್ಯವೇನು? ಕನ್ನಡ ಫಲಕ ಬೇಕೆಂದು ಮನವಿ ಕೊಡುವವರು, ಫಲಕ ಬರೆಯುವ ದಿನ ಒಬ್ಬ ಅಕ್ಷರಜ್ಞನನ್ನು ಅಲ್ಲಿಗೆ ಕಳುಹಿಸುವ ಹೊಣೆಯನ್ನೂ ಹೊರಬೇಕು. ಬಣ್ಣ ಒಣಗಿದ ಮೇಲೆ ತಿದ್ದಿಸುವುದು ಕಷ್ಟ.

ಇಂಗ್ಲಿಷಿಗೆ ಸಾವಿರ ಪತ್ರಿಕೆಗಳಿವೆ. ಒಂದು ತಪ್ಪಿದರೆ ಇನ್ನೊಂದು ತಿದ್ದುತ್ತದೆ. ಗಡಿನಾಡಿನ ಕನ್ನಡಕ್ಕೆ ನೀವಿದ್ದೀರಿ, ನಾವಿದ್ದೇವೆ. ಈ ಸಂಚಿಕೆಯನ್ನೂ ಸೀಸದ ಕಡ್ಡಿ ಹಿಡಿದೇ ಓದಿರಿ. ಮುದ್ರಾರಾಕ್ಷಸನು ಇದರ ಯಾವುದಾದರೂ ಮೂಲೆಯಲ್ಲಿ ಅವಿತಿರುವುದು ಕಂಡರೆ, ಸಂಪಾದಕರಿಗೆ ಒಂದು ಕಾರ್ಡು ಬರೆದು ತಿಳಿಸಿರಿ. ಕಾರ್ಡನ್ನು ಮನೆಯ ಮಕ್ಕಳ ಕೈಯಿಂದಲೇ ಬರೆಸಿರಿ.